ಪಲೆರ್ಮೊದ ಐದು ಅವಧಿಯ ಮೇಯರ್: ಲೆಯೊಲುಕಾ ಒರ್ಲಾಂಡೊ ಮತ್ತು ಅಧಿಕಾರದ ಮಿತಿಯ ಪ್ರಶ್ನೆ

ಇಟಲಿಯ ರಾಜಕೀಯದಲ್ಲಿ 'ಮೂರನೆಯ ಅವಧಿ' ಎಂಬ ಮಾತು ಕೆಲವು ವರ್ಷಗಳಿಂದ ಮತ್ತೆ ಮತ್ತೆ ಕೇಳಿಬರುತ್ತಿದೆ. ಮೇಯರ್‌ಗಳನ್ನು ಮತದಾರರೇ ನೇರವಾಗಿ ಆರಿಸುವ ಕಾನೂನು 1993ರಲ್ಲಿ ಜಾರಿಗೆ ಬಂದಾಗ ಅದರ ಜೊತೆಗೇ ಒಂದು ಕಡಿವಾಣವನ್ನೂ ಹಾಕಲಾಗಿತ್ತು: ಒಬ್ಬ ವ್ಯಕ್ತಿ ಸತತವಾಗಿ ಎರಡು ಅವಧಿಗಿಂತ ಹೆಚ್ಚು ಕಾಲ ಮೇಯರ್ ಆಗಿರುವಂತಿಲ್ಲ. ಆ ಕಡಿವಾಣ ಈಗ ಸಣ್ಣ ಊರುಗಳ ಕಡೆಯಿಂದ ಸಡಿಲವಾಗುತ್ತ ಬಂದಿದೆ. 2014ರಲ್ಲಿ 3,000 ಜನಸಂಖ್ಯೆಯವರೆಗಿನ ಊರುಗಳಿಗೆ ಮೂರನೆಯ ಅವಧಿಗೆ ಅವಕಾಶ ಸಿಕ್ಕಿತು. 2022ರಲ್ಲಿ ಆ ಸಂಖ್ಯೆ 5,000ಕ್ಕೆ ಏರಿತು. 2024ರ ಜನವರಿಯಲ್ಲಿ ಹೊರಟ ಸುಗ್ರೀವಾಜ್ಞೆಯೊಂದು 5,000ದವರೆಗಿನ ಊರುಗಳಲ್ಲಿ ಮಿತಿಯನ್ನೇ ತೆಗೆದುಹಾಕಿ, 15,000ದವರೆಗಿನ ಊರುಗಳಿಗೆ ಮೂರು ಅವಧಿಗಳನ್ನು ಕೊಟ್ಟಿತು. ಅದಕ್ಕಿಂತ ದೊಡ್ಡ ನಗರಗಳಿಗೆ ಮಾತ್ರ ಎರಡೇ ಅವಧಿ ಎಂಬ ನಿಯಮ ಹಾಗೆಯೇ ಉಳಿಯಿತು. ಪ್ರಾಂತ್ಯಗಳ ಅಧ್ಯಕ್ಷರಿಗೂ ಮೂರನೆಯ ಅವಧಿ ಬೇಕೆಂದು ಲೇಗಾ ಪಕ್ಷ ತಂದ ತಿದ್ದುಪಡಿ 2024ರ ಫೆಬ್ರವರಿಯಲ್ಲಿ ಸೆನೆಟ್ ಸಮಿತಿಯಲ್ಲೇ ಬಿದ್ದುಹೋಯಿತು. ಕಂಪಾನಿಯಾ ಪ್ರಾಂತ್ಯ ತನ್ನ ಆಗಿನ ಅಧ್ಯಕ್ಷ ವಿಂಚೆಂತ್ಸೊ ದೆ ಲೂಕಾ ಅವರಿಗೆ ಮತ್ತೊಂದು ಅವಧಿಯ ಬಾಗಿಲು ತೆರೆಯಲೆಂದು ಮಾಡಿಕೊಂಡ ಕಾನೂನನ್ನು ಸಂವಿಧಾನ ನ್ಯಾಯಾಲಯ 2025ರ ಏಪ್ರಿಲ್‌ನಲ್ಲಿ ರದ್ದುಗೊಳಿಸಿತು.

ಈ ಚರ್ಚೆಯಲ್ಲಿ ಎರಡೂ ಕಡೆಯವರು ಒಂದೇ ಪ್ರಶ್ನೆಯ ಸುತ್ತ ತಿರುಗುತ್ತಾರೆ: ಚೆನ್ನಾಗಿ ಕೆಲಸ ಮಾಡುವ ಮೇಯರನ್ನು ಜನ ಬಯಸಿದರೂ ಕಾನೂನು ಏಕೆ ಮನೆಗೆ ಕಳುಹಿಸಬೇಕು? ಪ್ರಶ್ನೆ ನ್ಯಾಯವಾದದ್ದೇ. ಆದರೆ ಇದರ ಹಿಂದೆ ಇನ್ನೊಂದು ಪ್ರಶ್ನೆ ಅಡಗಿದೆ: ಆ ಮೇಯರ್ ಹೊರಟ ಮರುದಿನ ನಗರದಲ್ಲಿ ಏನು ಉಳಿದಿರುತ್ತದೆ? ಈ ಎರಡನೆಯ ಪ್ರಶ್ನೆಯನ್ನು ಕೇಳುವುದಕ್ಕೆ ಸಿಸಿಲಿಯ ರಾಜಧಾನಿ ಪಲೆರ್ಮೊಕ್ಕಿಂತ ಒಳ್ಳೆಯ ಜಾಗ ಯುರೋಪಿನಲ್ಲಿ ಇರಲಾರದು. ಸುಮಾರು 6.3 ಲಕ್ಷ ಜನರ ಈ ನಗರದಲ್ಲಿ ಲೆಯೊಲುಕಾ ಒರ್ಲಾಂಡೊ 1985ರಿಂದ 1990, 1993ರಿಂದ 2000 ಮತ್ತು 2012ರಿಂದ 2022ರವರೆಗೆ, ಒಟ್ಟು ಐದು ಅವಧಿಗಳಲ್ಲಿ ಸುಮಾರು 22 ವರ್ಷ ಮೇಯರ್ ಆಗಿದ್ದರು. ಅವರು ಮೂರು ಸಲ ಹೊರನಡೆದರು. ಮೂರು ಸಲವೂ ನಗರ ಅವರ ವಿರೋಧಿಗಳ ಕೈಗೆ ಹೋಯಿತು.

ಇಲ್ಲಿನ ಓದುಗರು ಮೊದಲು ನಮ್ಮ ಮಹಾನಗರ ಪಾಲಿಕೆಗಳ ಮೇಯರ್ ಪದವಿಯನ್ನು ಮನಸ್ಸಿನಿಂದ ಬದಿಗಿಡಬೇಕು. ಇಟಲಿಯ ಮೇಯರ್ ಕೊರಳಿಗೆ ಹಾರ ಹಾಕಿಸಿಕೊಂಡು ಆಯುಕ್ತರ ಪಕ್ಕದಲ್ಲಿ ಕೂರುವವರಲ್ಲ. ತಮ್ಮ ಮಂತ್ರಿಮಂಡಲದಂತಹ ಒಂದು ತಂಡವನ್ನು ಅವರೇ ನೇಮಿಸಿಕೊಳ್ಳುತ್ತಾರೆ. ಜನನ, ಮರಣ ಮತ್ತು ನಿವಾಸದ ದಾಖಲೆಗಳ ಹೊಣೆ ಅವರದು. ಕಸ, ಬಸ್ಸು, ಸ್ಮಶಾನ, ರಂಗಮಂದಿರ ಎಲ್ಲವೂ ಅವರ ಆಡಳಿತದ ಕೆಳಗೆ ಬರುತ್ತವೆ.

ಒರ್ಲಾಂಡೊ ಹುಟ್ಟಿದ್ದು 1947ರ ಆಗಸ್ಟ್ 1ರಂದು, ಪಲೆರ್ಮೊದ ಅನುಕೂಲಸ್ಥ ಕುಟುಂಬವೊಂದರಲ್ಲಿ. ತಂದೆ ಕಾನೂನಿನ ಪ್ರಾಧ್ಯಾಪಕರು. ಜೆಸುಯಿಟ್ ಪಾದ್ರಿಗಳ ಶಾಲೆಯಲ್ಲಿ ಓದಿ, ಜರ್ಮನಿಯ ಹೈಡೆಲ್‌ಬರ್ಗ್‌ನಲ್ಲಿಯೂ ವ್ಯಾಸಂಗ ಮಾಡಿ, ಊರಿಗೆ ಮರಳಿ ಅವರೂ ವಿಶ್ವವಿದ್ಯಾಲಯದಲ್ಲಿ ಕಾನೂನು ಕಲಿಸತೊಡಗಿದರು. ರಾಜಕೀಯಕ್ಕೆ ಅವರನ್ನು ಎಳೆದುತಂದದ್ದು ಸಿಸಿಲಿ ಪ್ರಾಂತ್ಯದ ಅಧ್ಯಕ್ಷ ಪಿಯೆರ್ಸಾಂತಿ ಮತ್ತಾರೆಲ್ಲಾ ಅವರ ಒಡನಾಟ. ಒರ್ಲಾಂಡೊ ಮತ್ತಾರೆಲ್ಲಾ ಅವರ ಕಾನೂನು ಸಲಹೆಗಾರರಾಗಿದ್ದರು. ಸರ್ಕಾರಿ ಗುತ್ತಿಗೆಗಳಲ್ಲಿ ಮಾಫಿಯಾದ ಕೈವಾಡವನ್ನು ತಡೆಯಲು ಹೊರಟಿದ್ದ ಮತ್ತಾರೆಲ್ಲಾ ಅವರನ್ನು 1980ರ ಜನವರಿ 6ರಂದು, ಹಬ್ಬದ ದಿನ, ಹೆಂಡತಿ ಮಕ್ಕಳ ಎದುರಿನಲ್ಲೇ ಗುಂಡಿಟ್ಟು ಕೊಲ್ಲಲಾಯಿತು. ಗುಂಡು ತಗುಲಿದ ಅಣ್ಣನನ್ನು ಕಾರಿನಿಂದ ಹೊರತೆಗೆಯುತ್ತಿರುವ ತಮ್ಮ ಸೆರ್ಜಿಯೊ ಅವರ ಛಾಯಾಚಿತ್ರ ಇಂದಿಗೂ ಇಟಲಿಯ ನೆನಪಿನಲ್ಲಿದೆ. 2015ರಿಂದ ಅವರು ಆ ದೇಶದ ರಾಷ್ಟ್ರಪತಿ. ಆ ಕೊಲೆ ನಡೆದ 1980ರಲ್ಲೇ ಒರ್ಲಾಂಡೊ, ಆಗ ದೇಶವನ್ನು ಆಳುತ್ತಿದ್ದ ಕ್ರಿಶ್ಚಿಯನ್ ಡೆಮಾಕ್ರಟಿಕ್ ಪಕ್ಷದಿಂದ ಪಾಲಿಕೆಗೆ ಆಯ್ಕೆಯಾದರು.

ಇದು ಯಾವ ಪಕ್ಷ, ಯಾವ ಪಾಲಿಕೆ ಎಂಬುದನ್ನು ತಿಳಿಯದೆ ಮುಂದಿನ ಕಥೆ ಅರ್ಥವಾಗದು. 1950ರ ದಶಕದ ಕೊನೆ ಮತ್ತು 1960ರ ದಶಕದ ಮೊದಲಲ್ಲಿ ಇದೇ ಪಕ್ಷದ ಸಾಲ್ವೊ ಲೀಮಾ ಮೇಯರ್ ಆಗಿದ್ದಾಗ, ಲೋಕೋಪಯೋಗಿ ಖಾತೆಯನ್ನು ವೀತೊ ಚಾಂಚಿಮಿನೊ ನೋಡಿಕೊಳ್ಳುತ್ತಿದ್ದಾಗ, ಪಲೆರ್ಮೊದ ನಿಂಬೆ ತೋಟಗಳೂ ಹಳೆಯ ಬಂಗಲೆಗಳೂ ಕಾಂಕ್ರೀಟಿನ ಕೆಳಗೆ ಸೇರಿದವು. ಆ ಕೆಲವೇ ವರ್ಷಗಳಲ್ಲಿ ಪಾಲಿಕೆ ನೀಡಿದ ಸಾವಿರಾರು ಕಟ್ಟಡ ಪರವಾನಗಿಗಳಲ್ಲಿ ಬಹುಪಾಲು ಬೆರಳೆಣಿಕೆಯ ಹೆಸರುಗಳಿಗೆ ಹೋಗಿದ್ದವು; ಅವರು ಕಟ್ಟಡದ ಉದ್ಯಮಕ್ಕೂ ತಮಗೂ ಸಂಬಂಧವೇ ಇಲ್ಲದ ಸಾಮಾನ್ಯ ಜನ, ಹಿಂದಿದ್ದ ಧಣಿಗಳ ಹೆಸರಿನ ಮುಸುಕು. 1959ರ ನವೆಂಬರ್‌ನಲ್ಲಿ ವಾಸ್ತುಶಿಲ್ಪಿ ಎರ್ನೆಸ್ತೊ ಬಸೀಲೆ ಕಟ್ಟಿದ್ದ ವಿಲ್ಲಾ ದೆಲಿಯೆಲ್ಲಾವನ್ನು ಕಾನೂನಿನ ಸಂರಕ್ಷಣೆ ಸಿಗುವ ಮೊದಲೇ ಕೆಡವಲಾಯಿತು. ಆ ಜಾಗ ದಶಕಗಳ ಕಾಲ ಕಾರು ನಿಲ್ಲಿಸುವ ಬಯಲಾಗಿ ಉಳಿಯಿತು. ಈ ಕಾಲವನ್ನು ಅಲ್ಲಿನವರು 'ಪಲೆರ್ಮೊದ ಕೊಳ್ಳೆ' ಎಂದೇ ಕರೆಯುತ್ತಾರೆ. ಚಾಂಚಿಮಿನೊ 1984ರಲ್ಲಿ ಬಂಧನಕ್ಕೊಳಗಾಗಿ ಮುಂದೆ ಶಿಕ್ಷೆಗೂ ಗುರಿಯಾದರು. ರಸ್ತೆ, ಚರಂಡಿ, ಬೀದಿದೀಪಗಳ ಹಳೆಯ ಗುತ್ತಿಗೆಗಳನ್ನು ಮುಟ್ಟಲು ಹೋದ ಎಲ್ಡಾ ಪುಚ್ಚಿ, ಜುಸೆಪ್ಪೆ ಇನ್ಸಲಾಕೊ ಎಂಬ ಇಬ್ಬರು ಮೇಯರ್‌ಗಳು 1983-84ರಲ್ಲಿ ವರ್ಷ ತುಂಬುವುದರೊಳಗೆ ಕುರ್ಚಿ ಬಿಡಬೇಕಾಯಿತು. ಇನ್ಸಲಾಕೊ ಅವರನ್ನು 1988ರ ಜನವರಿಯಲ್ಲಿ ಕೊಲ್ಲಲಾಯಿತು.

1985ರ ಜುಲೈನಲ್ಲಿ, 38 ತುಂಬುವ ಮೊದಲೇ, ಒರ್ಲಾಂಡೊ ಕುಳಿತದ್ದು ಇಂಥ ಕುರ್ಚಿಯಲ್ಲಿ. ಆಗ ಮೇಯರನ್ನು ಆರಿಸುತ್ತಿದ್ದುದು ಜನರಲ್ಲ, ಪಾಲಿಕೆಯ ಸದಸ್ಯರು. ಅಂದರೆ ನಿಜದಲ್ಲಿ ಪಕ್ಷದ ಬಣಗಳು. ಒರ್ಲಾಂಡೊ ಮಾಡಿದ ಮೊದಲ ದೊಡ್ಡ ಕೆಲಸ ಆಡಳಿತದ್ದಲ್ಲ, ನ್ಯಾಯಾಲಯದ್ದು. 1986ರ ಫೆಬ್ರವರಿ 10ರಂದು ಉಚ್ಚರ್ದೋನೆ ಸೆರೆಮನೆಯ ಪಕ್ಕದಲ್ಲಿ ಇದಕ್ಕೆಂದೇ ಕಟ್ಟಿದ ಬಂಕರ್ ನ್ಯಾಯಾಲಯದಲ್ಲಿ ಸುಮಾರು 475 ಮಾಫಿಯಾ ಆರೋಪಿಗಳ ಮಹಾ ವಿಚಾರಣೆ ಆರಂಭವಾದಾಗ, ಪಲೆರ್ಮೊ ನಗರ ತಾನು ಹಾನಿಗೊಳಗಾದ ಪಕ್ಷವೆಂದು ಹೇಳಿಕೊಂಡು ಆ ಮೊಕದ್ದಮೆಯಲ್ಲಿ ಸೇರಿಕೊಂಡಿತು. ಕಾನೂನಿನ ಕಣ್ಣಿಗೆ ಇದು ಪರಿಹಾರ ಕೇಳುವ ಒಂದು ವಿಧಾನವಷ್ಟೇ. ಆದರೆ ಮಾಫಿಯಾ ಎಂಬುದೇ ಇಲ್ಲ, ಅದೆಲ್ಲ ಉತ್ತರದವರು ಕಟ್ಟಿದ ಕಥೆ ಎಂದು ದಶಕಗಳ ಕಾಲ ಹೇಳುತ್ತ ಬಂದ ಅಧಿಕಾರಸ್ಥರ ಊರಿನಲ್ಲಿ, ಅದೇ ಪಕ್ಷದ ಮೇಯರ್ 'ನನ್ನ ನಗರಕ್ಕೆ ಮಾಫಿಯಾ ಹಾನಿ ಮಾಡಿದೆ' ಎಂದು ಲಿಖಿತವಾಗಿ ಹೇಳಿದ್ದು ಸಣ್ಣ ವಿಷಯವಾಗಿರಲಿಲ್ಲ. 1987ರ ಡಿಸೆಂಬರ್ 16ರಂದು ತೀರ್ಪು ಬಂತು. 19 ಜನರಿಗೆ ಜೀವಾವಧಿ ಶಿಕ್ಷೆಯಾಯಿತು.

ಪಾಲಿಕೆಯಲ್ಲಿ ಅವರು ಪಕ್ಷದ ಹಿರಿಯರನ್ನು ಬದಿಗಿಟ್ಟು ಎಡಪಂಥೀಯರು, ಹಸಿರು ಗುಂಪುಗಳು ಮತ್ತು ಕ್ಯಾಥೊಲಿಕ್ ನಾಗರಿಕ ಸಂಘಟನೆಗಳನ್ನು ಸೇರಿಸಿಕೊಂಡರು. 1989ರಲ್ಲಿ ಕಮ್ಯುನಿಸ್ಟರೂ ಆಡಳಿತದೊಳಗೆ ಬಂದರು. ಬರ್ಲಿನ್ ಗೋಡೆ ಇನ್ನೂ ನಿಂತಿದ್ದ ಕಾಲದಲ್ಲಿ, ಕ್ರಿಶ್ಚಿಯನ್ ಡೆಮಾಕ್ರಟರು ಆಳುವ ದೊಡ್ಡ ನಗರವೊಂದರಲ್ಲಿ ಇದು ರೋಮ್‌ಗೆ ನುಂಗಲಾಗದ ತುತ್ತಾಯಿತು. ಪತ್ರಿಕೆಗಳು ಇದನ್ನು 'ಪಲೆರ್ಮೊದ ವಸಂತ' ಎಂದು ಕರೆದವು. ಬೆಂಬಲಕ್ಕೆ ನಿಂತವರಲ್ಲಿ ಬಾರ್ತೊಲೊಮೆಯೊ ಸೋರ್ಜೆ, ಎನ್ನಿಯೊ ಪಿಂತಕೂದಾ ಎಂಬ ಜೆಸುಯಿಟ್ ಪಾದ್ರಿಗಳಿದ್ದರು. ಹಸಿರು ಗುಂಪಿನಿಂದ ಬಂದ ಛಾಯಾಗ್ರಾಹಕಿ ಲೆತಿತ್ಸಿಯಾ ಬಾತ್ತಾಲ್ಯಾ ಆಡಳಿತದ ತಂಡದಲ್ಲಿದ್ದರು. ಮಾಫಿಯಾ ಕೊಲೆಗಳ ಚಿತ್ರ ತೆಗೆಯುತ್ತ ವರ್ಷಗಟ್ಟಲೆ ರಕ್ತ ನೋಡಿದ್ದ ಆಕೆ ಈಗ ಬೀದಿ ಸ್ವಚ್ಛತೆ, ಗಿಡಮರಗಳ ಕಡೆ ಗಮನ ಕೊಟ್ಟರು. ಆ ವಸಂತದ ಗುಣವೆಲ್ಲ ಈ ಒಂದು ಸಂಗತಿಯಲ್ಲಿ ಕಾಣುತ್ತದೆ.

ಎಲ್ಲರೂ ಮೆಚ್ಚಲಿಲ್ಲ ಎಂಬುದನ್ನೂ ಹೇಳಬೇಕು. 1987ರ ಜನವರಿಯಲ್ಲಿ ಸಿಸಿಲಿಯ ದೊಡ್ಡ ಲೇಖಕ ಲೆಯೊನಾರ್ದೊ ಶಾಶಾ 'ಕೊರಿಯೆರೆ ದೆಲ್ಲಾ ಸೇರಾ' ಪತ್ರಿಕೆಯಲ್ಲಿ ಬರೆದ ಲೇಖನವೊಂದರಲ್ಲಿ, ಮಾಫಿಯಾ ವಿರೋಧವನ್ನೇ ಬಂಡವಾಳ ಮಾಡಿಕೊಂಡು ಆಡಳಿತದ ಕೆಲಸವನ್ನು ಮರೆಯುವ ಮೇಯರ್ ಒಬ್ಬನನ್ನು ಹೆಸರಿಲ್ಲದೆ ಚಿತ್ರಿಸಿದ್ದರು. ಓದಿದವರಿಗೆ ಅದು ಯಾರೆಂದು ಹೊಳೆಯದೆ ಇರಲಿಲ್ಲ. ಅಂಥವನನ್ನು ಪ್ರಶ್ನಿಸಿದರೆ ಪ್ರಶ್ನಿಸಿದವನೇ ಮಾಫಿಯಾದವನೆನಿಸಿಕೊಳ್ಳಬೇಕಾಗುತ್ತದೆ ಎಂಬುದು ಶಾಶಾ ಅವರ ಆತಂಕ. ಅದೇ ಲೇಖನದಲ್ಲಿ ಅವರು ನ್ಯಾಯಾಧೀಶ ಪಾವೊಲೊ ಬೋರ್ಸೆಲ್ಲಿನೊ ಅವರ ಬಡ್ತಿಯ ಬಗ್ಗೆ ಎತ್ತಿದ ಆಕ್ಷೇಪ ಅನ್ಯಾಯದ್ದಾಗಿತ್ತೆಂಬುದನ್ನು ಇತಿಹಾಸ ತೋರಿಸಿಕೊಟ್ಟಿತು. ಮೇಯರ್ ಕುರಿತ ಆತಂಕವನ್ನು ಮಾತ್ರ ಅಷ್ಟು ಸುಲಭವಾಗಿ ತಳ್ಳಿಹಾಕಲಾಗದು.

1990ರ ಪಾಲಿಕೆ ಚುನಾವಣೆಯಲ್ಲಿ ಒರ್ಲಾಂಡೊ ಹೆಸರಿಗೆ ಸುಮಾರು 70,000 ವೈಯಕ್ತಿಕ ಮತಗಳು ಬಿದ್ದವು. ಅವರ ಬಲದಿಂದ ಪಕ್ಷಕ್ಕೆ ಪಾಲಿಕೆಯಲ್ಲಿ ಸ್ಪಷ್ಟ ಬಹುಮತವೇ ಬಂತು. ಬಹುಮತ ಬಂದದ್ದರಿಂದಲೇ ಪಕ್ಷಕ್ಕೆ ಹೊರಗಿನ ಮಿತ್ರರೂ ಬೇಡವಾದರು, ಒರ್ಲಾಂಡೊ ಕೂಡ ಬೇಡವಾದರು. ಮೇಯರ್ ಕುರ್ಚಿ ಬೇರೆಯವರಿಗೆ ಹೋಯಿತು. ಮತ ತಂದವನೊಬ್ಬ, ಅಧಿಕಾರ ಮತ್ತೊಬ್ಬನಿಗೆ ಎಂಬ ಈ ವಿಪರ್ಯಾಸ ಸಾಧ್ಯವಾದದ್ದು ಅಂದಿನ ಚುನಾವಣಾ ಪದ್ಧತಿಯಿಂದ. ಇಟಲಿ ಮೂರು ವರ್ಷದ ನಂತರ ನೇರ ಚುನಾವಣೆಯ ಕಡೆ ತಿರುಗಿದ್ದಕ್ಕೆ ಇಂಥ ಅನುಭವಗಳೂ ಕಾರಣ.

ಪಕ್ಷ ಬಿಟ್ಟ ಒರ್ಲಾಂಡೊ 1991ರಲ್ಲಿ 'ಲಾ ರೇತೆ', ಅಂದರೆ 'ಜಾಲ' ಎಂಬ ಹೊಸ ಚಳವಳಿಯನ್ನು ಕಟ್ಟಿದರು. ಅವರ ಜೀವನದ ಅತ್ಯಂತ ನೋವಿನ ಅಧ್ಯಾಯವೂ ಇದೇ ಅವಧಿಯದು. ಮಹಾ ವಿಚಾರಣೆಯನ್ನು ಕಟ್ಟಿ ನಿಲ್ಲಿಸಿದ ನ್ಯಾಯಾಧೀಶ ಜೊವಾನ್ನಿ ಫಾಲ್ಕೋನೆ ಅವರ ವಿರುದ್ಧ ಒರ್ಲಾಂಡೊ 1990ರ ಮೇ ತಿಂಗಳಲ್ಲಿ ದೂರದರ್ಶನದಲ್ಲಿ ಆರೋಪ ಮಾಡಿದರು: ರಾಜಕಾರಣಿಗಳ ಹೆಸರಿರುವ ಕಡತಗಳನ್ನು ನ್ಯಾಯಾಧೀಶರು ಮೇಜಿನ ಖಾನೆಗಳಲ್ಲಿ ಮುಚ್ಚಿಟ್ಟಿದ್ದಾರೆ ಎಂದು. ಲೀಮಾ ಅವರ ಮೇಲೆ ಕೊಲೆಗಳ ಆರೋಪ ಹೊರಿಸಿದ್ದ ಸಾಕ್ಷಿಯೊಬ್ಬನನ್ನು ಫಾಲ್ಕೋನೆ ನಂಬದೆ, ಸುಳ್ಳು ಆರೋಪ ಮಾಡಿದ್ದಕ್ಕೆ ಅವನ ಮೇಲೆಯೇ ಕ್ರಮ ಕೈಗೊಂಡದ್ದು ಈ ಬಿರುಕಿಗೆ ಮುಖ್ಯ ಹಿನ್ನೆಲೆ. ಫಾಲ್ಕೋನೆಗೆ ಬೇಕಾಗಿದ್ದುದು ನ್ಯಾಯಾಲಯದಲ್ಲಿ ನಿಲ್ಲುವ ಪುರಾವೆ. ಒರ್ಲಾಂಡೊಗೆ ರಾಜಕೀಯದಲ್ಲಿ ಸಂಶಯವೇ ಸಾಕಾಗಿತ್ತು. ಈ ದೂರಿನ ಕುರಿತು ಫಾಲ್ಕೋನೆ 1991ರ ಅಕ್ಟೋಬರ್‌ನಲ್ಲಿ ನ್ಯಾಯಾಂಗ ಮಂಡಳಿಯ ಮುಂದೆ ವಿವರಣೆ ಕೊಡಬೇಕಾಯಿತು. ಏಳು ತಿಂಗಳ ನಂತರ, 1992ರ ಮೇ 23ರಂದು, ಕಪಾಚಿಯ ಹೆದ್ದಾರಿಯ ಕೆಳಗೆ ಹುಗಿದಿದ್ದ ಸ್ಫೋಟಕಕ್ಕೆ ಅವರು, ಅವರ ಪತ್ನಿ ಮತ್ತು ಮೂವರು ಅಂಗರಕ್ಷಕರು ಬಲಿಯಾದರು. ಜುಲೈ 19ರಂದು ಬೋರ್ಸೆಲ್ಲಿನೊ. ಲೀಮಾ ಅವರನ್ನು ಅದೇ ವರ್ಷದ ಮಾರ್ಚ್‌ನಲ್ಲಿ ಮಾಫಿಯಾವೇ ಕೊಂದಿತ್ತು. ಒರ್ಲಾಂಡೊ ಅವರನ್ನು ಮೆಚ್ಚುವವರೂ ಆ ದೂರದರ್ಶನದ ಮಾತನ್ನು ಸಮರ್ಥಿಸಲು ಕಷ್ಟಪಡುತ್ತಾರೆ. ನನಗೂ ಅದರಲ್ಲಿ ಸಮರ್ಥಿಸುವಂಥದ್ದೇನೂ ಕಾಣುವುದಿಲ್ಲ.

ಸಿಸಿಲಿ ಸ್ವಾಯತ್ತ ಪ್ರಾಂತ್ಯವಾದ್ದರಿಂದ ಮೇಯರ್‌ಗಳ ನೇರ ಚುನಾವಣೆಯ ಕಾನೂನನ್ನು ರಾಷ್ಟ್ರಕ್ಕಿಂತ ಮೊದಲೇ, 1992ರಲ್ಲಿ, ಮಾಡಿಕೊಂಡಿತು. 1993ರ ನವೆಂಬರ್‌ನಲ್ಲಿ ಈ ಪದ್ಧತಿಯಡಿ ಪಲೆರ್ಮೊ ಮೊದಲ ಬಾರಿ ಮತ ಹಾಕಿದಾಗ ಒರ್ಲಾಂಡೊ ಮೊದಲ ಸುತ್ತಿನಲ್ಲೇ ಶೇ. 75ರಷ್ಟು ಮತ ಪಡೆದರು. ನಾಲ್ಕೇ ತಿಂಗಳ ಬಳಿಕ, 1994ರ ಮಾರ್ಚ್‌ನ ಸಂಸತ್ ಚುನಾವಣೆಯಲ್ಲಿ, ಸಿಸಿಲಿಯ ಬಹುಪಾಲು ಕ್ಷೇತ್ರಗಳು ಸಿಲ್ವಿಯೊ ಬೆರ್ಲುಸ್ಕೋನಿ ಅವರ ಹೊಸ ಬಲಪಂಥೀಯ ಕೂಟಕ್ಕೆ ಹೋದವು. ಈ ಎರಡು ಫಲಿತಾಂಶಗಳನ್ನು ಒಟ್ಟಿಗೆ ಇಟ್ಟು ನೋಡದೆ ಒರ್ಲಾಂಡೊ ಅವರ ರಾಜಕೀಯ ಅರ್ಥವಾಗುವುದಿಲ್ಲ. ಜನ ಕೊಟ್ಟದ್ದು ಒಬ್ಬ ಮನುಷ್ಯನಿಗೆ. ಅವನ ಚಳವಳಿಗಲ್ಲ, ಅವನ ಬಣಕ್ಕಲ್ಲ, ಅವನು ತೋರಿಸಿದ ಬೇರೆ ಅಭ್ಯರ್ಥಿಗಂತೂ ಅಲ್ಲ. ಲಾ ರೇತೆ 1992ರಲ್ಲಿ ರಾಷ್ಟ್ರಮಟ್ಟದಲ್ಲಿ ಶೇ. 2ನ್ನೂ ಮುಟ್ಟಿರಲಿಲ್ಲ, 1999ರ ಹೊತ್ತಿಗೆ ಅದು ಬೇರೊಂದು ಪಕ್ಷದಲ್ಲಿ ಕರಗಿಹೋಯಿತು.

ಆದರೂ 1993ರಿಂದ 2000ದವರೆಗಿನ ಏಳು ವರ್ಷಗಳು ಅವರ ಆಡಳಿತದ ಅತ್ಯುತ್ತಮ ಕಾಲವೆಂಬುದರಲ್ಲಿ ನನಗೆ ಅನುಮಾನವಿಲ್ಲ. ಎರಡನೆಯ ಮಹಾಯುದ್ಧದ ಬಾಂಬುಗಳಿಗೆ ಸಿಕ್ಕಿ, ಆಮೇಲೆ ಬೇಕೆಂದೇ ಕೈಬಿಡಲ್ಪಟ್ಟು, ಲಕ್ಷಕ್ಕೂ ಹೆಚ್ಚಿದ್ದ ನಿವಾಸಿಗಳಲ್ಲಿ ಬಹುಪಾಲು ಜನರನ್ನು ಕಳೆದುಕೊಂಡಿದ್ದ ಹಳೆಯ ಪಟ್ಟಣಕ್ಕೆ ಜೀವ ಬರತೊಡಗಿತು. ಕೆಡವಿ ಕಟ್ಟುವುದಲ್ಲ, ಇದ್ದದ್ದನ್ನು ದುರಸ್ತಿ ಮಾಡುವುದು ಎಂಬ ತತ್ವದ ಯೋಜನೆಯನ್ನು ಅವರ ಮೊದಲ ಅವಧಿಯಲ್ಲೇ ಲೆಯೊನಾರ್ದೊ ಬೆನೆವೊಲೊ, ಪಿಯೆರ್ ಲುಯಿಜಿ ಚೆರ್ವೆಲ್ಲಾತಿ ಮುಂತಾದ ನಗರ ಯೋಜಕರು ಸಿದ್ಧಪಡಿಸಿದ್ದರು. ಅದು ಈಗ ನೆಲಕ್ಕಿಳಿಯಿತು. ಛಾವಣಿಯಿಲ್ಲದ ಹಳೆಯ ಚರ್ಚು ಸ್ಪಾಸಿಮೊ ಸಂಗೀತ ಕಛೇರಿಗಳ ಅಂಗಳವಾಯಿತು, ಮುಚ್ಚಿದ್ದ ಪೀಠೋಪಕರಣ ಕಾರ್ಖಾನೆಯೊಂದು ಜೀಸಾ ಬಡಾವಣೆಯ ಸಾಂಸ್ಕೃತಿಕ ಕೇಂದ್ರವಾಯಿತು. ಶಾಲೆಗಳು ಒಂದೊಂದು ಸ್ಮಾರಕವನ್ನು ದತ್ತು ತೆಗೆದುಕೊಂಡು, ಅದರ ಚರಿತ್ರೆ ಕಲಿತು, ಮಕ್ಕಳೇ ಬಂದವರಿಗೆ ವಿವರಿಸುವ ಕಾರ್ಯಕ್ರಮ ಶುರುವಾಯಿತು. ಕಡಿಮೆ ಖರ್ಚಿನ ಈ ಉಪಾಯ ದೊಡ್ಡ ಯೋಜನೆಗಳಿಗಿಂತ ಆಳಕ್ಕೆ ಇಳಿಯಿತು ಎನ್ನಬೇಕು. ಅಜ್ಜ ಮೂಗು ಮುಚ್ಚಿಕೊಂಡು ದಾಟುತ್ತಿದ್ದ ಓಣಿಯ ಕಲ್ಲುಕಟ್ಟಡ ಮೊಮ್ಮಗಳ ಬಾಯಲ್ಲಿ ಕಥೆಯಾಗುತ್ತಿತ್ತು.

ಎಲ್ಲಕ್ಕೂ ಕಿರೀಟವಿಟ್ಟಂತೆ ತೆಯಾತ್ರೊ ಮಾಸ್ಸಿಮೊ ತೆರೆಯಿತು. ಯುರೋಪಿನ ಅತಿ ದೊಡ್ಡ ಒಪೆರಾ ಮಂದಿರಗಳಲ್ಲಿ ಒಂದಾದ ಇದನ್ನು 1974ರಲ್ಲಿ ಸಣ್ಣ ದುರಸ್ತಿಗೆಂದು ಮುಚ್ಚಿದ್ದರು. ಆ ದುರಸ್ತಿ 23 ವರ್ಷ ಮುಗಿಯಲಿಲ್ಲ. 1997ರ ಮೇ 12ರಂದು ಬಾಗಿಲು ತೆರೆದಾಗ ಬರ್ಲಿನ್ ಫಿಲ್ಹಾರ್ಮೊನಿಕ್ ವಾದ್ಯವೃಂದ ಅಲ್ಲಿ ನುಡಿಸಿತು. ಅದೇ ವರ್ಷದ ಕೊನೆಯಲ್ಲಿ ಒರ್ಲಾಂಡೊ ಮತ್ತೆ ಗೆದ್ದರು. 2000ದ ಡಿಸೆಂಬರ್‌ನಲ್ಲಿ ಗಡಿ ದಾಟುವ ಸಂಘಟಿತ ಅಪರಾಧದ ವಿರುದ್ಧದ ವಿಶ್ವಸಂಸ್ಥೆಯ ಒಪ್ಪಂದಕ್ಕೆ ರಾಷ್ಟ್ರಗಳು ಸಹಿ ಹಾಕಿದ್ದೂ ಪಲೆರ್ಮೊದಲ್ಲೇ. ಅದನ್ನು ಇಂದಿಗೂ 'ಪಲೆರ್ಮೊ ಒಪ್ಪಂದ' ಎಂದು ಕರೆಯುತ್ತಾರೆ. ಮಾಫಿಯಾದ ಪರ್ಯಾಯ ಪದವಾಗಿದ್ದ ಊರಿನ ಹೆಸರು ಮಾಫಿಯಾ ವಿರೋಧದ ಒಪ್ಪಂದಕ್ಕೆ ಹೋಯಿತು. ಸಿಸಿಲಿಯ ಬಣ್ಣದ ಗಾಡಿಗೆ ಎರಡು ಗಾಲಿ, ಒಂದು ಕಾನೂನು, ಇನ್ನೊಂದು ಸಂಸ್ಕೃತಿ. ಎರಡೂ ಒಂದೇ ವೇಗದಲ್ಲಿ ಉರುಳದಿದ್ದರೆ ಗಾಡಿ ಇದ್ದಲ್ಲೇ ಗಿರಕಿ ಹೊಡೆಯುತ್ತದೆ ಎಂಬ ಉಪಮೆಯನ್ನು ಅವರು ದೇಶದೇಶಗಳ ಸಭೆಗಳಲ್ಲಿ ಹೇಳುತ್ತ ಬಂದರು.

ಆ ಗಾಡಿಯನ್ನು ಮುಂದೆ ಹೊಡೆಯುವವರು ಯಾರು ಎಂಬುದಕ್ಕೆ ಮಾತ್ರ ಉತ್ತರ ಸಿದ್ಧವಾಗಿರಲಿಲ್ಲ. ಸತತ ಎರಡನೆಯ ಅವಧಿ ಮುಗಿಯುವ ಮೊದಲೇ ಅವರು ರಾಜೀನಾಮೆ ಕೊಟ್ಟು ಪ್ರಾಂತ್ಯದ ಅಧ್ಯಕ್ಷಗಿರಿಗೆ ಸ್ಪರ್ಧಿಸಿದರು. 2001ರ ಮೇ ತಿಂಗಳ ಸಂಸತ್ ಚುನಾವಣೆಯಲ್ಲಿ ಸಿಸಿಲಿಯ ಏಕಸದಸ್ಯ ಕ್ಷೇತ್ರಗಳೆಲ್ಲ, 61ಕ್ಕೆ 61, ಬೆರ್ಲುಸ್ಕೋನಿ ಕೂಟದ ಪಾಲಾದವು. ಜೂನ್‌ನಲ್ಲಿ ಒರ್ಲಾಂಡೊ ಅವರನ್ನು ಸಾಲ್ವತೊರೆ ಕುಫಾರೊ ಸೋಲಿಸಿದರು. ವರ್ಷಾಂತ್ಯದ ಹೊತ್ತಿಗೆ ಪಲೆರ್ಮೊ ಕೂಡ ಬೆರ್ಲುಸ್ಕೋನಿ ಪಕ್ಷದ ದಿಯೇಗೊ ಕಮ್ಮರಾತಾ ಅವರ ಕೈಗೆ ಬಂತು. 2007ರಲ್ಲಿ ಸ್ವತಃ ಒರ್ಲಾಂಡೊ ಸ್ಪರ್ಧಿಸಿದರೂ ಕಮ್ಮರಾತಾ ಅವರನ್ನು ಅಲುಗಾಡಿಸಲಾಗಲಿಲ್ಲ. ಮಾಫಿಯಾಗೆ ನೆರವಾದ ಅಪರಾಧಕ್ಕೆ ಕುಫಾರೊ ಅವರಿಗೆ ಏಳು ವರ್ಷದ ಶಿಕ್ಷೆ ಖಾಯಂ ಆಗಿ 2011ರಲ್ಲಿ ಅವರು ಜೈಲಿಗೆ ಹೋದರು. ಆ ಹೆಸರು ಮುಂದೆ ಮತ್ತೊಮ್ಮೆ ಬರುತ್ತದೆ.

2012ರ ಪುನರಾಗಮನ ವಿಚಿತ್ರವಾಗಿತ್ತು. ಎಡ-ಮಧ್ಯ ಕೂಟದ ಒಳಚುನಾವಣೆಯಲ್ಲಿ ಗೆದ್ದವರು ಫಬ್ರಿತ್ಸಿಯೊ ಫೆರ್ರಾಂದೆಲ್ಲಿ ಎಂಬ ಯುವಕ. ಆ ಫಲಿತಾಂಶವನ್ನು ಒಪ್ಪದ ಒರ್ಲಾಂಡೊ ತಾವೇ ಕಣಕ್ಕಿಳಿದು, ಎರಡನೆಯ ಸುತ್ತಿನಲ್ಲಿ ಶೇ. 72ರಷ್ಟು ಮತಗಳಿಂದ ಅದೇ ಫೆರ್ರಾಂದೆಲ್ಲಿಯವರನ್ನು ಸೋಲಿಸಿದರು. ಗೆಲುವು ಭರ್ಜರಿಯಾದದ್ದು, ಆದರೆ ಹೊಸ ತಲೆಮಾರಿನವನೊಬ್ಬ ಬಾಗಿಲ ಬಳಿ ಬಂದಾಗ ಹಿರಿಯರು ಏನು ಮಾಡಿದರು ಎಂಬುದೂ ಆ ಗೆಲುವಿನಲ್ಲೇ ದಾಖಲಾಗಿದೆ. ಅವರು ಆಗ ಇದ್ದ 'ಇತಾಲಿಯಾ ದೇಯಿ ವಾಲೊರಿ' ಪಕ್ಷಕ್ಕೆ ಮರುವರ್ಷವೇ ಸಂಸತ್ತಿನಲ್ಲಿ ಒಂದು ಸ್ಥಾನವೂ ಇಲ್ಲದಾಯಿತು. ಕ್ರಿಶ್ಚಿಯನ್ ಡೆಮಾಕ್ರಟಿಕ್ ಪಕ್ಷ, ಲಾ ರೇತೆ, ಮಾರ್ಗೆರಿತಾ, ಇತಾಲಿಯಾ ದೇಯಿ ವಾಲೊರಿ, ಸ್ವಂತದ್ದೊಂದು ಸ್ಥಳೀಯ ಸಂಘಟನೆ, 2018ರಲ್ಲಿ ಡೆಮಾಕ್ರಟಿಕ್ ಪಕ್ಷ, ಆಮೇಲೆ ಹಸಿರು-ಎಡ ಮೈತ್ರಿ: ಅವರು ಹತ್ತಿ ಇಳಿದ ಬಂಡಿಗಳ ಸಾಲು ಉದ್ದದ್ದು. ಅವರು ಅವಕಾಶವಾದಿ ಎಂದು ಇದರಿಂದ ತೀರ್ಮಾನಿಸುವುದು ಆತುರವಾದೀತು. ನಿಲುವುಗಳಲ್ಲಿ ಅವರು ಹೆಚ್ಚು ಬದಲಾದವರಲ್ಲ. ಪಕ್ಷವೆಂಬುದನ್ನು ಅವರು ಚುನಾವಣೆಯಿಂದ ಚುನಾವಣೆಗೆ ದಾಟುವ ದೋಣಿಯಾಗಿ ಕಂಡರೇ ಹೊರತು ಕಟ್ಟಿ ಉಳಿಸಬೇಕಾದ ಮನೆಯಾಗಿ ಕಾಣಲಿಲ್ಲ.

ಕೊನೆಯ ಹತ್ತು ವರ್ಷಗಳಲ್ಲಿ ಅವರ ಹೆಸರು ಪಲೆರ್ಮೊದ ಹೊರಗೆ ಹೆಚ್ಚು ಕೇಳಿಸಿದ್ದು ವಲಸಿಗರ ವಿಷಯದಲ್ಲಿ. 2013ರಲ್ಲಿ ನಗರದ ವಿದೇಶಿ ನಿವಾಸಿಗಳೇ ಮತ ಹಾಕಿ ಆರಿಸುವ 'ಸಂಸ್ಕೃತಿಗಳ ಮಂಡಳಿ'ಯನ್ನು ರಚಿಸಿದರು. 2015ರ 'ಪಲೆರ್ಮೊ ಸನ್ನದು' ನಿವಾಸ ಪರವಾನಗಿಯ ಪದ್ಧತಿಯನ್ನೇ ತೆಗೆದುಹಾಕಬೇಕೆಂದೂ ಮನುಷ್ಯನ ಸಂಚಾರ ಅವನ ಹುಟ್ಟುಹಕ್ಕೆಂದೂ ಸಾರಿತು. ಪಲೆರ್ಮೊದಲ್ಲಿ ವಾಸಿಸುವವರೆಲ್ಲ ಪಲೆರ್ಮೊದವರೇ, ವಲಸಿಗರೆಂಬ ಪ್ರತ್ಯೇಕ ಲೆಕ್ಕ ತಮ್ಮಲ್ಲಿಲ್ಲ ಎಂದು ಅವರು ಕೇಳಿದವರಿಗೆಲ್ಲ ಹೇಳುತ್ತಿದ್ದರು. ಘೋಷಣೆಯಾಗಿದ್ದ ಈ ಮಾತು ಕಾನೂನಿನ ಸಂಘರ್ಷವಾದದ್ದು 2018ರ ಕೊನೆಯಲ್ಲಿ. ಗೃಹ ಸಚಿವ ಮತ್ತೆಯೊ ಸಾಲ್ವಿನಿ ತಂದ ಭದ್ರತಾ ಕಾನೂನು ಆಶ್ರಯ ಕೋರಿದವರನ್ನು ನಗರದ ನಿವಾಸಿ ದಾಖಲೆಯಿಂದ ಹೊರಗಿಟ್ಟಿತ್ತು. ಆ ದಾಖಲೆಯಲ್ಲಿ ಹೆಸರಿಲ್ಲದವನಿಗೆ ವೈದ್ಯ, ಕೆಲಸ, ಬಾಡಿಗೆ ಮನೆ ಎಲ್ಲವೂ ಕಷ್ಟ. ಕಾನೂನು ಪ್ರಾಧ್ಯಾಪಕರಾಗಿದ್ದ ಮೇಯರ್ ಈ ಅಂಶವನ್ನು ಪಲೆರ್ಮೊದಲ್ಲಿ ಜಾರಿಗೊಳಿಸದಂತೆ ತಮ್ಮ ಅಧಿಕಾರಿಗೆ ಲಿಖಿತ ಸೂಚನೆ ಕೊಟ್ಟರು. ಬೇರೆ ಕೆಲವು ಮೇಯರ್‌ಗಳೂ ದನಿಗೂಡಿಸಿದರು. ಸಾಲ್ವಿನಿ ಈ ಮೇಯರ್‌ಗಳನ್ನು ಕಾನೂನುಭಂಜಕರೆಂದು ಕರೆದರು. 2020ರ ಜುಲೈನಲ್ಲಿ ಸಂವಿಧಾನ ನ್ಯಾಯಾಲಯ ಆ ಅಂಶವನ್ನು ಸಮಾನತೆಯ ತತ್ವಕ್ಕೆ ವಿರುದ್ಧವೆಂದು ರದ್ದುಪಡಿಸಿತು. 1986ರಲ್ಲಿ ನ್ಯಾಯಾಲಯದ ಮೆಟ್ಟಿಲೇರಿದ್ದ ಮೇಯರ್ 34 ವರ್ಷಗಳ ನಂತರವೂ ಅದೇ ರೀತಿಯ ಕೆಲಸದಲ್ಲೇ ತಮ್ಮ ನಿಜವಾದ ಬಲವನ್ನು ತೋರಿಸಿದ್ದರು.

2015ರಲ್ಲಿ ಅರಬ್-ನಾರ್ಮನ್ ಕಾಲದ ಕಟ್ಟಡಗಳು ಯುನೆಸ್ಕೊ ಪಟ್ಟಿ ಸೇರಿದವು. 2018ರಲ್ಲಿ ಪಲೆರ್ಮೊ ಇಟಲಿಯ ಸಾಂಸ್ಕೃತಿಕ ರಾಜಧಾನಿಯಾಯಿತು, ಅದೇ ವರ್ಷ ಯುರೋಪಿನ 'ಮಾನಿಫೆಸ್ತಾ' ಕಲಾಮೇಳವೂ ಅಲ್ಲೇ ನಡೆಯಿತು. ಹಳೆಯ ಪಟ್ಟಣದ ವಿಯಾ ಮಾಕ್ವೇದಾ ಬೀದಿ ಕಾರುಗಳಿಂದ ಮುಕ್ತವಾಗಿ ಕಾಲ್ನಡಿಗೆಯವರಿಗೆ ಸಿಕ್ಕಿತು. ಪ್ರವಾಸಿಗರು ಕಂಡ ಪಲೆರ್ಮೊ ಇದು.

ಹೊರವಲಯದ ಬಡಾವಣೆಗಳವರು ಕಂಡ ಪಲೆರ್ಮೊ ಬೇರೆ. ಕಸ ಸಾಗಿಸುವ ಹಳೆಯ ಕಂಪನಿ 2013ರಲ್ಲಿ ದಿವಾಳಿಯಾಗಿ ಅದರ ಜಾಗಕ್ಕೆ ಹೊಸದು ಬಂದರೂ, ಬೆಲ್ಲೊಲಾಂಪೊ ಕಸದ ಗುಡ್ಡ ತುಂಬುತ್ತಲೇ ಹೋಯಿತು, ಬೀದಿಗಳಲ್ಲಿ ಕಸ ಉಳಿಯುತ್ತಲೇ ಇತ್ತು. ಅತ್ಯಂತ ಮನಕಲಕುವ ದೃಶ್ಯ ರೋತೊಲಿ ಸ್ಮಶಾನದ್ದು. ನಗರದ ಏಕೈಕ ಶವ ದಹನ ಯಂತ್ರ ಕೆಟ್ಟು ನಿಂತಿತ್ತು, ಹೂಳಲು ಜಾಗ ಮುಗಿದಿತ್ತು, ಹೊಸ ಸ್ಮಶಾನದ ಯೋಜನೆ ಕಡತದಲ್ಲೇ ಉಳಿದಿತ್ತು. ಸಾವಿರಕ್ಕೂ ಹೆಚ್ಚು ಶವಪೆಟ್ಟಿಗೆಗಳು ಡೇರೆಗಳ ಕೆಳಗೆ, ಗೋದಾಮುಗಳಲ್ಲಿ ತಿಂಗಳುಗಟ್ಟಲೆ ಕಾದವು. ಜಗತ್ತಿನ ಯಾವ ಮೂಲೆಯಿಂದ ಬಂದವರನ್ನೂ ತನ್ನವರೆಂದು ಕರೆದ ನಗರ ತನ್ನ ಸತ್ತವರಿಗೆ ಮೂರಡಿ ನೆಲ ಕೊಡಲಾಗದೆ ನಿಂತಿತು.

ಇದರ ಹಿಂದಿನ ಲೆಕ್ಕಾಚಾರ ಸ್ವಲ್ಪ ಒಣ ವಿಷಯವಾದರೂ ಮುಖ್ಯ. ಪಲೆರ್ಮೊದಲ್ಲಿ ಕಸದ ತೆರಿಗೆ ಮುಂತಾದವುಗಳ ವಸೂಲಿ ಬಹಳ ಕಡಿಮೆ. ಹಿಂದೆ ಬರಬೇಕಾದ ಬಾಕಿಯನ್ನೆಲ್ಲ ಆದಾಯವೆಂದು ಬರೆದುಕೊಂಡು ಖರ್ಚು ಮಾಡಬಹುದಿತ್ತು. 2015ರ ಸುಮಾರಿಗೆ ಜಾರಿಗೆ ಬಂದ ಹೊಸ ಲೆಕ್ಕಪದ್ಧತಿ, ವಸೂಲಾಗುವುದು ಅನುಮಾನವಿರುವ ಬಾಕಿಗೆ ತಕ್ಕಷ್ಟು ಹಣವನ್ನು ಎತ್ತಿಡಬೇಕೆಂದು ಕಟ್ಟುಪಾಡು ಹಾಕಿತು. ವಸೂಲಿ ಕಡಿಮೆಯಿದ್ದ ನಗರ ಹೆಚ್ಚು ಎತ್ತಿಡಬೇಕಾಯಿತು, ಹೆಚ್ಚು ಎತ್ತಿಟ್ಟಷ್ಟೂ ಸ್ಮಶಾನಕ್ಕೂ ಸೇತುವೆಗೂ ಹಣ ಉಳಿಯಲಿಲ್ಲ, ಸೇವೆ ಕೆಟ್ಟಷ್ಟೂ ತೆರಿಗೆ ಕಟ್ಟುವ ಮನಸ್ಸು ಜನರಿಗೆ ಬರಲಿಲ್ಲ. ಕೊನೆಯ ಅವಧಿಯಲ್ಲಿ ಪಾಲಿಕೆಯ ಸಭೆಯಲ್ಲಿ ಒರ್ಲಾಂಡೊ ಬಹುಮತವನ್ನೂ ಕಳೆದುಕೊಂಡರು. ಬಜೆಟ್ ಅಂಗೀಕಾರವೇ ದೊಡ್ಡ ಹೋರಾಟವಾಯಿತು. ನಗರ ಹಣಕಾಸಿನ ಪುನಶ್ಚೇತನ ಯೋಜನೆಯ ಮೊರೆಹೋಗಬೇಕಾಯಿತು. ಈ ಸುಳಿಯನ್ನು ಅವರು ಸೃಷ್ಟಿಸಿದವರಲ್ಲ. ಆದರೆ 22 ವರ್ಷ ಆಳಿದವರು ಅದರ ಹೊಣೆಯಿಂದ ತಪ್ಪಿಸಿಕೊಳ್ಳಲೂ ಆಗದು.

ಮೂರನೆಯ ಅವಧಿಯ ವಾದಕ್ಕೆ ಮರಳೋಣ. ಮಿತಿಯನ್ನು ತೆಗೆಯಬೇಕೆನ್ನುವವರು ಫ್ರಾನ್ಸಿನತ್ತ ಬೆರಳು ತೋರಿಸಬಹುದು, ಅಲ್ಲಿ ಮಿತಿಯಿಲ್ಲ. ಜಾಕ್ ಶಬಾನ್-ದೆಲ್ಮಾಸ್ ಬೋರ್ದೊ ನಗರಕ್ಕೆ 1947ರಿಂದ 1995ರವರೆಗೆ, ಗ್ಯಾಸ್ತೊನ್ ದಫೇರ್ ಮಾರ್ಸೇಗೆ 1953ರಿಂದ ತಾವು ಸಾಯುವ 1986ರವರೆಗೆ ಮೇಯರ್ ಆಗಿದ್ದರು. ಪೋಲೆಂಡ್ ಉಲ್ಟಾ ದಾರಿ ಹಿಡಿದು 2018ರಲ್ಲಿ ಅವಧಿಯನ್ನು ಐದು ವರ್ಷಕ್ಕೆ ಏರಿಸಿ, ಎರಡಕ್ಕೇ ಮಿತಿ ಹಾಕಿತು. ಯಾವ ದೇಶದ ನಿಯಮ ಮೇಲು ಎಂಬ ಹೋಲಿಕೆಯಿಂದ ಹೆಚ್ಚೇನೂ ಹೊರಡದು. ಒರ್ಲಾಂಡೊ ಅವರ ಮಟ್ಟಿಗೆ ಹೇಳುವುದಾದರೆ, ಅವರಿಗೆ ಕಾನೂನಿನ ಮಿತಿ ನಿಜವಾಗಿ ಅಡ್ಡ ಬಂದದ್ದು 2022ರಲ್ಲಿ ಒಮ್ಮೆ ಮಾತ್ರ. 1990ರಲ್ಲಿ ಅವರನ್ನು ಇಳಿಸಿದ್ದು ಪಕ್ಷ, 2000ದಲ್ಲಿ ಇಳಿದದ್ದು ತಾವಾಗಿ. ಮೂರು ನಿರ್ಗಮನಗಳಿಗೂ ಕಾರಣ ಬೇರೆಬೇರೆ, ಫಲಿತಾಂಶ ಒಂದೇ: ಅವರ ಜಾಗದಲ್ಲಿ ನಿಲ್ಲಬಲ್ಲ ಎರಡನೆಯವರಿರಲಿಲ್ಲ. ಹಾಗಾಗಿ ಉತ್ತರಾಧಿಕಾರಿಯಿಲ್ಲದ ಸ್ಥಿತಿಯನ್ನು ಅವಧಿಯ ಮಿತಿ ತಂದದ್ದಲ್ಲ. ಅದು ಇದ್ದುದನ್ನು ಎಲ್ಲರ ಕಣ್ಣಿಗೆ ಕಾಣಿಸಿತು. ಅದನ್ನು ತಂದದ್ದು, ನನ್ನ ತಿಳುವಳಿಕೆಯಲ್ಲಿ, ಮಿತಿಯ ಜೊತೆಯಲ್ಲೇ ಬಂದ ನೇರ ಚುನಾವಣೆ. ಬಣಗಳ ಕೈಯಿಂದ ಮೇಯರನ್ನು ಬಿಡಿಸಿದ ಅದೇ ಪದ್ಧತಿ, ಪಕ್ಷವನ್ನೂ ಎರಡನೆಯ ಸಾಲಿನ ನಾಯಕರನ್ನೂ ಕಟ್ಟುವ ಅಗತ್ಯದಿಂದಲೂ ಮೇಯರನ್ನು ಬಿಡಿಸಿತು. ಪೂರ್ತಿ ಮಿತಿ ತೆಗೆದಿದ್ದರೆ ಒರ್ಲಾಂಡೊ 2022ರಲ್ಲಿಯೂ ನಿಲ್ಲುತ್ತಿದ್ದರೇನೋ. ರೋತೊಲಿಯ ಡೇರೆಗಳನ್ನು ನೋಡಿದ ಮತದಾರರು ಅವರನ್ನು ಗೆಲ್ಲಿಸುತ್ತಿದ್ದರೆಂದು ನನಗನ್ನಿಸುವುದಿಲ್ಲ.

2022ರ ಜೂನ್ 12ರ ಭಾನುವಾರ ಪಲೆರ್ಮೊದಲ್ಲಿ ಮತದಾನ. ಆ ಸಂಜೆ ನಗರದ ಫುಟ್‌ಬಾಲ್ ತಂಡದ ಬಡ್ತಿಯ ಅಂತಿಮ ಪಂದ್ಯವೂ ಇತ್ತು. ಮತಗಟ್ಟೆಗಳ ಅಧ್ಯಕ್ಷರಾಗಿ ನೇಮಕವಾಗಿದ್ದ ಅನೇಕರು ಕೆಲಸಕ್ಕೆ ಬರಲೇ ಇಲ್ಲ. ಹತ್ತಾರು ಮತಗಟ್ಟೆಗಳು ಮಧ್ಯಾಹ್ನ ಕಳೆದರೂ ತೆರೆಯದೆ ಜನ ಬಿಸಿಲಲ್ಲಿ ಕಾದು ಹಿಂತಿರುಗಿದರು. ಅರ್ಧಕ್ಕಿಂತ ಕಡಿಮೆ ಮತದಾರರು ಮತ ಹಾಕಿದ ಆ ಚುನಾವಣೆಯಲ್ಲಿ ಬಲಪಂಥೀಯ ಕೂಟದ ರೊಬೆರ್ತೊ ಲಗಾಲ್ಲಾ ಮೊದಲ ಸುತ್ತಿನಲ್ಲೇ ಗೆದ್ದರು. ಅವರನ್ನು ಬಹಿರಂಗವಾಗಿ ಬೆಂಬಲಿಸಿದವರಲ್ಲಿ ಶಿಕ್ಷೆ ಮುಗಿಸಿ ಬಂದಿದ್ದ ಕುಫಾರೊ ಇದ್ದರು. ಎರಡು ವರ್ಷಗಳ ನಂತರ, 2024ರ ಜೂನ್‌ನಲ್ಲಿ, 76ರ ಒರ್ಲಾಂಡೊ ಹಸಿರು-ಎಡ ಮೈತ್ರಿಯಿಂದ ಯುರೋಪಿಯನ್ ಸಂಸತ್ತಿಗೆ ಆಯ್ಕೆಯಾಗಿ ಹೋದರು. ಅಲ್ಲಿ ಅವಧಿಯ ಮಿತಿ ಇಲ್ಲ.